ಕುಮಾರರಾಮ ಕಥನ: ಹಾಡು, ಚಲನಚಿತ್ರ ಮತ್ತು ವರ್ಷಾಚರಣೆಯ ಲೆಕ್ಕ

1

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ ಈ ಚಿತ್ರ ತಯಾರಾದುದು ಕೊಲ್ಹಾಪುರದಲ್ಲಿ. ವೃತ್ತಿರಂಗಭೂಮಿಯಲ್ಲಿ ಹೆಸರಾಗಿದ್ದ ಎಂ.ವಿ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಅವರು ಇದರಲ್ಲಿ ಅಭಿನಯಿಸಿದರು. ಸಾಹಿತ್ಯವನ್ನು ಬೆಳ್ಳಾವೆ ನರಹರಿಶಾಸ್ತ್ರಿಗಳು ಒದಗಿಸಿದರು. ಮಾರ್ಚ್ 3 ಕನ್ನಡ ಚಲನಚಿತ್ರರಂಗದ ಹುಟ್ಟುದಿನವೆಂದು ಅಂದಿನಿಂದ ಸ್ಥಿರಗೊಂಡಿದೆ. 2009ರಲ್ಲಿ 75 ವರ್ಷ ತುಂಬಿದಾಗ ಅಮೃತ ಮಹೋತ್ಸವ ನಡೆಯಿತು. 2024ಕ್ಕೆ 90 ವರ್ಷಗಳಾದವು. ಆದರೆ ಈ ಎಲ್ಲ ಆಚರಣೆಗಳ ಕೇಂದ್ರದಲ್ಲಿರುವ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಬಿಡುಗಡೆಯಾದ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ'ದ ಸ್ಥಿತಿಯೂ ಇದೇ. ಎರಡೂ ಸಂದರ್ಭಗಳಲ್ಲಿ ಕೃತಿ ಅಳಿದಿದೆ, ದಿನಾಂಕ ಉಳಿದಿದೆ. ವರ್ಷಾಚರಣೆಗೆ ಬೇಕಾದುದು ದಿನಾಂಕವಾದ್ದರಿಂದ ಕೃತಿಯ ಗೈರುಹಾಜರಿ ಅದಕ್ಕೆ ಅಡ್ಡಿಯಾಗಿಲ್ಲ.

ಇದಕ್ಕೆ ನೇರ ವಿರುದ್ಧವಾದ ಸ್ಥಿತಿಯೊಂದು ತುಂಗಭದ್ರೆಯ ದಂಡೆಯ ಕಂಪ್ಲಿ, ಹಂಪಿ, ಹೊಸಪೇಟೆ, ಸಂಡೂರು ಸೀಮೆಯ ಹಾಡಿಕೆಯ ಪರಂಪರೆಯಲ್ಲಿ ಕಂಡುಬರುತ್ತದೆ. ಕಂಪಿಲರಾಯನ ಮಗ ಕುಮಾರರಾಮನ ಕಥೆಯನ್ನು ಇಲ್ಲಿ ಮೊದಲು ಹಾಡಿದವರು ಯಾರು, ಎಂದು ಹಾಡಿದರು ಎಂಬುದಕ್ಕೆ ದಿನಾಂಕವಿಲ್ಲ. ಕೃತಿ ಮಾತ್ರ ಉಳಿದುಬಂದಿದೆ. ಇದೇ ಕಥಾನಾಯಕನನ್ನು ಕುರಿತು 2006ರಲ್ಲಿ 'ಗಂಡುಗಲಿ ಕುಮಾರರಾಮ' ಎಂಬ ಚಲನಚಿತ್ರ ತೆರೆಗೆ ಬಂದಿತು. 2026ಕ್ಕೆ ಅದರ ಎರಡು ದಶಕ. ಕಂಪಿಲಿ ರಾಜ್ಯ ಪತನಗೊಂಡ 1327ರಿಂದ ಎಣಿಸಿದರೆ 2027ಕ್ಕೆ ಏಳು ಶತಮಾನ. ಚಲನಚಿತ್ರದ ಲೆಕ್ಕ, ಚರಿತ್ರೆಯ ಲೆಕ್ಕ, ಹಾಡಿನ ಲೆಕ್ಕ ಈ ಮೂರೂ ಒಂದೇ ಕಥೆಯ ಸುತ್ತ ಸೇರುವುದರಿಂದ, ಜನಪ್ರಿಯ ಕಲೆಗಳ ವರ್ಷಾಚರಣೆ ಯಾವುದನ್ನು ಎಣಿಸುತ್ತದೆ, ಯಾವುದನ್ನು ಎಣಿಕೆಯಿಂದ ಹೊರಗಿಡುತ್ತದೆ ಎಂಬ ಪ್ರಶ್ನೆಯನ್ನು ಪರಿಶೀಲಿಸಲು ಕುಮಾರರಾಮ ಕಥನ ತಕ್ಕ ಆಕರವಾಗಿದೆ.

2

ಚಲನಚಿತ್ರರಂಗ ಕಾಲವನ್ನು ಎಣಿಸುವ ಕ್ರಮವನ್ನು ಮೊದಲು ಗಮನಿಸಬೇಕು. ಬಿಡುಗಡೆಯ ದಿನ, ಇಪ್ಪತ್ತೈದನೆಯ ದಿನ, ಐವತ್ತನೆಯ ದಿನ, ಶತದಿನೋತ್ಸವ, ಇಪ್ಪತ್ತೈದು ವಾರಗಳ ಬೆಳ್ಳಿಹಬ್ಬ ಇವು ಈ ಎಣಿಕೆಯ ಮೆಟ್ಟಿಲುಗಳು. ಚಿತ್ರ 'ಓಡಿತು' ಎಂಬ ಕ್ರಿಯಾಪದವೇ ಇದರ ಅಳತೆಗೋಲು. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬುದು ಅದರ ಕಥೆಯಷ್ಟೇ ಪ್ರಸಿದ್ಧವಾದ ಸಂಗತಿ. ಓಟ ಮುಗಿದ ಮೇಲೆ ದಿನಗಳ ಜಾಗಕ್ಕೆ ವರ್ಷಗಳು ಬರುತ್ತವೆ. 1954ರ 'ಬೇಡರ ಕಣ್ಣಪ್ಪ'ನಿಗೆ 2004ರಲ್ಲಿ ಐವತ್ತು ವರ್ಷಗಳಾದವು; ಆ ಐವತ್ತು ವರ್ಷ ರಾಜ್‌ಕುಮಾರ್ ಅವರು ನಾಯಕನಟರಾಗಿ ತೆರೆಗೆ ಬಂದ ಐವತ್ತು ವರ್ಷವೂ ಹೌದು.

ಇಲ್ಲಿ ಒಂದು ಸೂಕ್ಷ್ಮವಿದೆ. 'ಬೇಡರ ಕಣ್ಣಪ್ಪ' ಗುಬ್ಬಿ ಕಂಪನಿಯ ರಂಗಭೂಮಿಯಿಂದ ತೆರೆಗೆ ಬಂದ ಕಥೆ. ಅದಕ್ಕೂ ಹಿಂದೆ ಹಂಪೆಯ ವಿರೂಪಾಕ್ಷನ ಭಕ್ತಕವಿ ಹರಿಹರ ಕಣ್ಣಪ್ಪನನ್ನು ಕುರಿತು ರಗಳೆ ರಚಿಸಿದ್ದ. ಅವನಿಗೂ ಹಿಂದೆ ಬೇಟೆಗಾರ ಭಕ್ತನ ಕಥೆ ತಮಿಳು ಶೈವ ಪರಂಪರೆಯಲ್ಲಿ ಪ್ರಚಲಿತವಾಗಿತ್ತು. ಐವತ್ತು ವರ್ಷಗಳ ಆಚರಣೆ ಈ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಎಣಿಸುತ್ತದೆ. ಕೊನೆಯ ಕೊಂಡಿಗೆ ನಿರ್ಮಾಪಕರಿದ್ದಾರೆ, ಬಿಡುಗಡೆಯ ದಾಖಲೆಯಿದೆ, ಹಕ್ಕುದಾರರಿದ್ದಾರೆ ಎಂಬುದು ಇದಕ್ಕೆ ಕಾರಣ.

ದಾಖಲೆಯುಳ್ಳ ಚಿತ್ರಗಳೆಲ್ಲವೂ ಸಮಾನವಾಗಿ ನೆನಪಾಗುವುದಿಲ್ಲ. 2006 ಕನ್ನಡ ಚಲನಚಿತ್ರ ಚರಿತ್ರೆಯಲ್ಲಿ ಎರಡು ಕಾರಣಗಳಿಗಾಗಿ ಅಚ್ಚೊತ್ತಿದ ವರ್ಷ. ಏಪ್ರಿಲ್ 12ರಂದು ರಾಜ್‌ಕುಮಾರ್ ನಿಧನರಾದರು. ಡಿಸೆಂಬರ್ ಕೊನೆಯಲ್ಲಿ ಯೋಗರಾಜ ಭಟ್ಟರ 'ಮುಂಗಾರು ಮಳೆ' ಬಿಡುಗಡೆಯಾಗಿ, ಮನೋಮೂರ್ತಿಯವರ ಸಂಗೀತದ ಮೂಲಕ ಚಿತ್ರಗೀತೆಯ ಅಭಿರುಚಿಯನ್ನೇ ಬದಲಿಸಿತು. ಒಂದು ಯುಗದ ಮುಕ್ತಾಯ, ಮತ್ತೊಂದರ ಆರಂಭ ಎಂಬ ಚೌಕಟ್ಟಿನಲ್ಲಿ ಆ ವರ್ಷವನ್ನು ಗ್ರಹಿಸುವುದು ರೂಢಿಯಾಗಿದೆ. ಅದೇ ವರ್ಷದ 'ಗಂಡುಗಲಿ ಕುಮಾರರಾಮ' ಈ ಚೌಕಟ್ಟಿನಲ್ಲಿ ಎಲ್ಲೂ ಕೂಡುವುದಿಲ್ಲ. ವರ್ಷಾಚರಣೆ ಜನಪದವನ್ನು ಬಿಟ್ಟುಬಿಡುವುದಷ್ಟೇ ಅಲ್ಲ, ಗೆಲುವಿನ ಕಥೆಯಾಗದ ಚಲನಚಿತ್ರವನ್ನೂ ಬದಿಗಿಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

3

ಕಂಪಿಲಿಯ ಚರಿತ್ರೆ ಮತ್ತು ಕಾವ್ಯಗಳ ನೆಲೆಯನ್ನು ಸಂಗ್ರಹವಾಗಿ ನೋಡಬಹುದು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಕಂಪಿಲರಾಯನ ರಾಜ್ಯ ಈಗಿನ ಬಳ್ಳಾರಿ, ವಿಜಯನಗರ, ಕೊಪ್ಪಳ ಜಿಲ್ಲೆಗಳ ಭಾಗಗಳನ್ನು ಒಳಗೊಂಡಿತ್ತು. ಗಂಗಾವತಿ ಬಳಿಯ ಕುಮ್ಮಟದುರ್ಗ, ಸಂಡೂರು ಬೆಟ್ಟಸಾಲಿನ ಹೊಸಮಲೆದುರ್ಗ ಅದರ ಮುಖ್ಯ ನೆಲೆಗಳು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದು ಸೋತ ಅವನ ಬಂಧು ಬಹಾವುದ್ದೀನ್ ಗುರ್ಶಾಸ್ಪ್ ಕಂಪಿಲರಾಯನ ಆಶ್ರಯ ಬೇಡಿ ಬಂದ. ರಾಯ ಆಶ್ರಯ ಕೊಟ್ಟ. ದೆಹಲಿಯ ಸೈನ್ಯ ಅವನನ್ನು ಬೆನ್ನಟ್ಟಿ ಬಂದು 1327ರಲ್ಲಿ ಕಂಪಿಲಿಯನ್ನು ಅಳಿಸಿತು. ಮುಂದೆ ಸುಲ್ತಾನನ ಆಸ್ಥಾನದಲ್ಲಿದ್ದ ಪ್ರವಾಸಿ ಇಬ್ನ್ ಬತೂತಾ ಈ ಪ್ರಸಂಗವನ್ನು ದಾಖಲಿಸಿದ್ದಾನೆ. ಶರಣಾಗತನನ್ನು ಒಪ್ಪಿಸದ ರಾಯನ ನಿಲುವು, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದ್ದು, ಸೆರೆಸಿಕ್ಕ ರಾಜಪುತ್ರರನ್ನು ದೆಹಲಿಗೆ ಒಯ್ದದ್ದು ಅವನ ಬರಹದಲ್ಲಿವೆ.

ದೇಶೀ ಕಾವ್ಯಗಳು ಹಿಡಿದದ್ದು ಬೇರೆ ಎಳೆಯನ್ನು. ಹದಿನಾರನೆಯ ಶತಮಾನದ ನಂಜುಂಡಕವಿಯ ಸಾಂಗತ್ಯ, ಪಾಂಚಾಳಗಂಗನ 'ಚೆನ್ನರಾಮನ ಸಾಂಗತ್ಯ', ಮಹಾಲಿಂಗಸ್ವಾಮಿಯ 'ಬಾಲರಾಮನ ಸಾಂಗತ್ಯ' ಇವುಗಳಲ್ಲಿ ಯುದ್ಧದಷ್ಟೇ ತೂಕ ಅರಮನೆಯೊಳಗಿನ ಒಂದು ಪ್ರಸಂಗಕ್ಕಿದೆ. ಚೆಂಡಾಟದಲ್ಲಿ ರಾಮನ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದ ಮಲಮಗನನ್ನು ಆಕೆ ಮೋಹಿಸುತ್ತಾಳೆ. ಅವನು ಒಪ್ಪದಿದ್ದಾಗ ಅವನ ಮೇಲೆಯೇ ಅಪವಾದ ಹೊರಿಸುತ್ತಾಳೆ. ಮಗನ ತಲೆ ತರಲು ರಾಯ ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಗುಪ್ತವಾಗಿರಿಸಿ ಬೇರೊಂದು ತಲೆಯನ್ನು ಒಪ್ಪಿಸುತ್ತಾನೆ. ದೆಹಲಿಯ ದಂಡು ಬಂದಾಗ, ಸತ್ತನೆಂದು ಎಲ್ಲರೂ ನಂಬಿದ್ದ ರಾಮ ಹೊರಬಂದು ಹೋರಾಡುತ್ತಾನೆ. ಕೊನೆಗೆ ದೆಹಲಿಯ ಪಡೆಯನ್ನು ನಡೆಸಿ ಬಂದ ಮಾತಂಗಿ ಎಂಬ ಹೆಣ್ಣಿನೆದುರು ಕಾಳಗದಲ್ಲಿ ಮಡಿಯುತ್ತಾನೆ.

ಈ ಆಶಯ ಕನ್ನಡಕ್ಕೆ ಸೀಮಿತವಾದುದಲ್ಲ. ಅಶೋಕನ ಮಗ ಕುಣಾಲ ಮತ್ತು ತಿಷ್ಯರಕ್ಷಿತೆಯ ಕಥೆ, ತೆಲುಗಿನ ಸಾರಂಗಧರ ಮತ್ತು ಚಿತ್ರಾಂಗಿಯ ಕಥೆ, ಗ್ರೀಕರ ಹಿಪ್ಪೊಲಿಟಸ್ ಮತ್ತು ಫೀದ್ರಾಳ ಕಥೆ ಇವೆಲ್ಲ ಒಂದೇ ಬಳಗದವು. ಸ್ಟಿತ್ ಥಾಮ್ಸನ್‌ನ ಆಶಯಸೂಚಿಯಲ್ಲಿ 'ಪೋಟಿಫರನ ಹೆಂಡತಿ' ಎಂಬ ಹೆಸರಿನಲ್ಲಿ ಇದು ದಾಖಲಾಗಿದೆ. ಸಾರಂಗಧರನ ಕಥೆಯನ್ನು ತೆಲುಗು ರಂಗಭೂಮಿ ಮತ್ತು ಚಲನಚಿತ್ರ ಮತ್ತೆ ಮತ್ತೆ ಕೈಗೆತ್ತಿಕೊಂಡವು. ಕನ್ನಡ ಚಲನಚಿತ್ರ ಅದೇ ಆಶಯದ ಕುಮಾರರಾಮನ ಬಳಿಗೆ ಬರಲು 2006ರವರೆಗೆ ಕಾಯಬೇಕಾಯಿತು.

ಕಾವ್ಯದ ಜೊತೆಗೆ ಆರಾಧನೆಯ ಪರಂಪರೆಯೂ ಬೆಳೆದಿದೆ. ಬೇಡ ಸಮುದಾಯವೂ ಸೇರಿದಂತೆ ಹಲವು ಸಮುದಾಯಗಳಿಗೆ ಕುಮಾರರಾಮ ದೈವ. ಮಧ್ಯ ಕರ್ನಾಟಕ ಮತ್ತು ಮಲೆನಾಡಿನ ಅಂಚಿನ ಹಲವು ಊರುಗಳಲ್ಲಿ ಬಣ್ಣ ಬಳಿದ ಮರದ ತಲೆಗಳ ರೂಪದಲ್ಲಿ ಅವನನ್ನೂ ಅವನ ಸಂಗಾತಿ ಕಾಟಣ್ಣನನ್ನೂ ಪೂಜಿಸುವ ರೂಢಿಯಿದೆ. ಕಥೆಯಲ್ಲಿ ಕಡಿಯಲ್ಪಟ್ಟ ತಲೆ ಆಚರಣೆಯಲ್ಲಿ ದೈವದ ಮೂರ್ತಿಯಾಗುತ್ತದೆ. ಹಬ್ಬ ಬಂದಾಗ ತಲೆಯನ್ನು ಹೊರತೆಗೆಯುತ್ತಾರೆ, ಹಬ್ಬ ಮುಗಿದಾಗ ಒಳಗಿಡುತ್ತಾರೆ. ಇಲ್ಲಿಯೂ ವರ್ಷಾಚರಣೆಯಿದೆ. ಆದರೆ ಎಷ್ಟನೆಯ ವರ್ಷವೆಂದು ಯಾರೂ ಕೇಳುವುದಿಲ್ಲ. ಏಳುನೂರು ವರ್ಷದ ಹಿಂದೆ ಸತ್ತವನ ನೆನಪಿಗಿಂತ, ಈ ವರ್ಷವೂ ಅವನು ಊರಿಗೆ ಬಂದನೆಂಬ ನಂಬಿಕೆ ಅಲ್ಲಿ ಮುಖ್ಯ.

4

ಕಂಪ್ಲಿ, ಸಂಡೂರು ಸೀಮೆಯಲ್ಲಿ ಈ ಕಥೆಯನ್ನು ಹಾಡಿ ಉಳಿಸಿದವರಲ್ಲಿ ಬುಡ್ಗಜಂಗಮರು ಪ್ರಮುಖರು. ಮನೆಮಾತು ತೆಲುಗಾದ ಈ ಅಲೆಮಾರಿ ಸಮುದಾಯ ಕೇಳುಗರಿಗೆ ತಕ್ಕಂತೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬುರ್ರಕಥೆ ಹಾಡುತ್ತ ಬಂದಿದೆ. ತಂಬೂರಿ ಹಿಡಿದು ಹೆಜ್ಜೆಹಾಕುತ್ತ ಕಥೆ ನಡೆಸುವ ಒಬ್ಬರು, ಚರ್ಮವಾದ್ಯ ನುಡಿಸುತ್ತ ಸೊಲ್ಲು ತುಂಬುವ ಇಬ್ಬರು ಎಂಬುದು ಇದರ ಸಾಮಾನ್ಯ ರಚನೆ. ಆಂಧ್ರದಲ್ಲಿ 1940ರ ದಶಕದ ಪ್ರಜಾನಾಟ್ಯಮಂಡಳಿ ಈ ರೂಪವನ್ನು ರಾಜಕೀಯ ವೇದಿಕೆಗೆ ತಂದಿತು. ಅಲ್ಲಿ ಖ್ಯಾತರಾದ ಷೇಕ್ ನಾಜರ್ ಅವರಿಗೆ 1986ರಲ್ಲಿ ಪದ್ಮಶ್ರೀ ಸಂದಿತು. ಬಳ್ಳಾರಿ ಸೀಮೆಯಲ್ಲಿ ಬುರ್ರಕಥೆ ಅಂಥ ಸಂಘಟಿತ ವೇದಿಕೆಗಿಂತ ಮನೆಯಂಗಳ, ಗುಡಿಕಟ್ಟೆ, ಸಂತೆಬಯಲುಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿತ್ತು.

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಈ ಪರಂಪರೆಯ ದೊಡ್ಡ ಹೆಸರು. ಅಕ್ಷರ ಕಲಿಯದ ಈರಮ್ಮ ತಂದೆಯಿಂದ ಹಾಡಿಕೆ ಕಲಿತರು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಮೊದಲಾದ ದೀರ್ಘ ಕಥನಗಳು ಅವರ ನಾಲಗೆಯ ಮೇಲಿದ್ದವು. ಕುಟುಂಬದವರ ಜೊತೆಗೂಡಿ ಊರೂರು ತಿರುಗಿ ಹಾಡಿದ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. ಅವರು ಹಾಡಿದ ಕಾವ್ಯಗಳು ಸಂಗ್ರಹಗೊಂಡು ಅಚ್ಚಾದವು. 2014ರ ಆಗಸ್ಟ್‌ನಲ್ಲಿ ಅವರು ನಿಧನರಾದರು.

ಈರಮ್ಮನವರ ಕಾವ್ಯಕ್ಕೆ ವರ್ಷಾಚರಣೆ ಮಾಡಬೇಕೆಂದರೆ ಯಾವ ದಿನವನ್ನು ಹಿಡಿಯಬೇಕು? ಅಚ್ಚಾದ ಪುಸ್ತಕದ ವರ್ಷವನ್ನು ಹಿಡಿಯುವುದು ಸುಲಭ. ಆದರೆ ಆ ವರ್ಷ ಸಂಗ್ರಹಕಾರನ ದುಡಿಮೆಯದು. ಪ್ರಶಸ್ತಿಯ ವರ್ಷ ಪ್ರಭುತ್ವದ ಮನ್ನಣೆಯದು. ನಿಧನದ ದಿನ ಹಾಡು ನಿಂತುದನ್ನು ಹೇಳುತ್ತದೆ. ಆಲ್ಬರ್ಟ್ ಲಾರ್ಡ್ 1960ರ 'ದ ಸಿಂಗರ್ ಆಫ್ ಟೇಲ್ಸ್' ಗ್ರಂಥದಲ್ಲಿ ಮಂಡಿಸಿದ ವಿಚಾರ ಇಲ್ಲಿ ಪ್ರಸ್ತುತ. ಮೌಖಿಕ ಕಾವ್ಯದಲ್ಲಿ ರಚನೆ ಮತ್ತು ಪ್ರದರ್ಶನ ಬೇರೆಬೇರೆ ಅಲ್ಲ. ಪ್ರತಿ ಹಾಡಿಕೆಯೂ ಒಂದು ಮೂಲವೇ ಎಂಬುದು ಅವನ ನಿಲುವು. ಈ ನಿಲುವನ್ನು ಒಪ್ಪಿದರೆ ಕುಮಾರರಾಮ ಕಾವ್ಯದ ಜನ್ಮದಿನ ಒಂದಲ್ಲ. ಅದನ್ನು ಹಾಡಿದ ರಾತ್ರಿಗಳೆಷ್ಟೋ ಜನ್ಮದಿನಗಳೂ ಅಷ್ಟು. ಚಲನಚಿತ್ರ ತಾನು ಓಡಿದ ದಿನಗಳನ್ನು ಎಣಿಸಿಕೊಳ್ಳುವ ಹಾಗೆ ಈ ರಾತ್ರಿಗಳನ್ನು ಯಾರೂ ಎಣಿಸಿಡಲಿಲ್ಲ. ಜೋಳಕ್ಕೆ, ಹಳೆಯ ಬಟ್ಟೆಗೆ, ಒಂದು ಊಟಕ್ಕೆ ಹಾಡಿದ ರಾತ್ರಿಗಳ ಲೆಕ್ಕ ಬರೆಯುವ ಪುಸ್ತಕ ಅವರ ಜೋಳಿಗೆಯಲ್ಲಿರಲಿಲ್ಲ.

5

ಎಚ್.ಆರ್. ಭಾರ್ಗವ ನಿರ್ದೇಶಿಸಿದ, ಶಿವರಾಜ್‌ಕುಮಾರ್ ನಾಯಕರಾಗಿ ಅಭಿನಯಿಸಿದ, ಗುರುಕಿರಣ್ ಸಂಗೀತ ನೀಡಿದ 'ಗಂಡುಗಲಿ ಕುಮಾರರಾಮ'ವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಕನ್ನಡ ಚಾರಿತ್ರಿಕ ಚಿತ್ರಗಳಿಗೆ ಒಂದು ನಿಶ್ಚಿತ ಪರಂಪರೆಯಿದೆ. 'ರಣಧೀರ ಕಂಠೀರವ' (1960), 'ಕಿತ್ತೂರು ಚೆನ್ನಮ್ಮ' (1961), 'ಇಮ್ಮಡಿ ಪುಲಿಕೇಶಿ' (1967), 'ಶ್ರೀಕೃಷ್ಣದೇವರಾಯ' (1970), 'ಮಯೂರ' (1975) ಇವು ಆ ಪರಂಪರೆಯ ಮುಖ್ಯ ಕೊಂಡಿಗಳು. 1956ರ ಏಕೀಕರಣ ಮತ್ತು 1973ರ ಕರ್ನಾಟಕ ನಾಮಕರಣದ ಆಸುಪಾಸಿನಲ್ಲಿ ಬಂದ ಈ ಚಿತ್ರಗಳು, ಹೊಸದಾಗಿ ಒಂದಾದ ನಾಡಿಗೆ ಒಂದು ವೈಭವದ ಗತವನ್ನು ಒದಗಿಸಿದವು. ಅವುಗಳ ನಾಯಕರಲ್ಲಿ ಹೆಚ್ಚಿನವರು ರಾಜ್ಯ ಕಟ್ಟಿದವರು ಅಥವಾ ಹಿಗ್ಗಿಸಿದವರು. ಸೋತ ಚೆನ್ನಮ್ಮನ ಸೋಲು ಕೂಡ ಮುಂಬರುವ ಸ್ವಾತಂತ್ರ್ಯದ ಮುನ್ನುಡಿಯಾಗಿ ಅರ್ಥ ಪಡೆಯುತ್ತದೆ.

ಕುಮಾರರಾಮ ಈ ಸಾಲಿಗೆ ಸುಲಭವಾಗಿ ಸೇರುವವನಲ್ಲ. ಅವನು ರಾಜನಾಗಲೇ ಇಲ್ಲ. ಅವನ ರಾಜ್ಯ ಅವನೊಂದಿಗೇ ಮುಗಿಯಿತು. ಅವನಿಗೆ ಮರಣದಂಡನೆ ವಿಧಿಸಿದವನು ಶತ್ರುವಲ್ಲ, ಸ್ವಂತ ತಂದೆ. ಇಂಥವನನ್ನು ಚಾರಿತ್ರಿಕ ಚಿತ್ರದ ಚೌಕಟ್ಟಿಗೆ ಒಗ್ಗಿಸುವಾಗ ಆಗುವ ಬದಲಾವಣೆಯನ್ನು ಚಿತ್ರದ ಶೀರ್ಷಿಕೆಯೇ ಸೂಚಿಸುತ್ತದೆ. ಕಾವ್ಯಗಳಲ್ಲಿ ಅವನ ಹಿರಿಮೆಯ ಬಿರುದು 'ಪರನಾರೀ ಸಹೋದರ' ಎಂಬುದು. ಅದು ವ್ರತವೊಂದರ ಹೆಸರು. ಅವನ ದುರಂತಕ್ಕೂ ದೈವತ್ವಕ್ಕೂ ಅದೇ ಮೂಲ. 'ಗಂಡುಗಲಿ' ಎಂಬುದು ರಣರಂಗದ ವಿಶೇಷಣ. ಮೊದಲನೆಯದು ಅವನು ಏನನ್ನು ಮಾಡಲು ಒಪ್ಪಲಿಲ್ಲ ಎಂಬುದನ್ನು ಹೇಳಿದರೆ, ಎರಡನೆಯದು ಅವನು ಏನು ಮಾಡಿದ ಎಂಬುದನ್ನು ಹೇಳುತ್ತದೆ. ಕಾದಾಟ, ಹಾಡು, ತಾರಾಮೌಲ್ಯಗಳಿಂದ ಕಟ್ಟಿಕೊಳ್ಳುವ ಜನಪ್ರಿಯ ಚಿತ್ರಕ್ಕೆ ಎರಡನೆಯದು ಒಗ್ಗುತ್ತದೆ. ಒಪ್ಪದಿರುವುದನ್ನೇ ಶೌರ್ಯವೆಂದು ತೋರಿಸುವುದು ಆ ಮಾಧ್ಯಮಕ್ಕೆ ಕಷ್ಟ. ಮೌಖಿಕ ಕಥನಕ್ಕೆ ಅದು ಸಾಧ್ಯವಾಗುವುದು ಅದರ ಬಳಿ ಕಾಲವಿರುವುದರಿಂದ. ರತ್ನಾಜಿಯ ಮಾತು, ರಾಮನ ಮೌನ, ವೃದ್ಧ ತಂದೆಯ ಸಂಶಯ, ಮಂತ್ರಿಯ ಕಪಟದೊಳಗಿನ ಕರುಣೆ ಇವನ್ನು ಹಾಡುಗಾರ್ತಿ ಒಂದಿಡೀ ರಾತ್ರಿ ಹಿಗ್ಗಿಸಬಲ್ಲಳು. ಎರಡೂವರೆ ಗಂಟೆಯ ಅವಧಿಯಲ್ಲಿ ಅಷ್ಟೊಂದು ನಿಧಾನಕ್ಕೆ ಎಡೆಯಿಲ್ಲ.

ಆದರೂ ಚಲನಚಿತ್ರವನ್ನು ಮೂಲವನ್ನು ಕೆಡಿಸಿದ ಅಪರಾಧಿಯೆಂದು ನಿಲ್ಲಿಸುವುದು ಸರಿಯಲ್ಲ. ಸಾಂಗತ್ಯ ಕವಿಗಳೂ ತಮ್ಮ ಕಾಲದ ಆಶ್ರಯದಾತರಿಗೂ ಕಾವ್ಯಮರ್ಯಾದೆಗೂ ತಕ್ಕಂತೆ ಕಥೆಯನ್ನು ತಿದ್ದಿದವರೇ. ಬುರ್ರಕಥೆಯೂ ಬದಲಾಗದ ಕಲೆಯಲ್ಲ. ಕೇಳುಗರ ಭಾಷೆ, ಊರು, ಅಭಿರುಚಿ ನೋಡಿ ಕಥೆಯನ್ನು ಹಿಗ್ಗಿಸುವುದು, ಕುಗ್ಗಿಸುವುದು ಅದರ ಧರ್ಮ. ಕುಮ್ಮಟದುರ್ಗದ ಹೆಸರು ಕೇಳದ ದಕ್ಷಿಣ ಕರ್ನಾಟಕದ ಪ್ರೇಕ್ಷಕರಿಗೆ ಕುಮಾರರಾಮನನ್ನು ಪರಿಚಯಿಸಿದ ಶ್ರೇಯಸ್ಸು ಚಿತ್ರಕ್ಕೆ ಸಲ್ಲಬೇಕು. ಆಕ್ಷೇಪ ಇರಬೇಕಾದುದು ರೂಪಾಂತರದ ಬಗ್ಗೆ ಅಲ್ಲ, ರೂಪಾಂತರವಾದ ಮೇಲೆ ಯಾವುದು ದಾಖಲೆಯಾಗುತ್ತದೆ ಎಂಬುದರ ಬಗ್ಗೆ. ಚಿತ್ರದ ನಿರ್ದೇಶಕ, ನಟ, ಸಂಗೀತ ನಿರ್ದೇಶಕರ ಹೆಸರು ಗ್ರಂಥಾಲಯದ ಸೂಚಿಯಲ್ಲಿ ಸುಲಭವಾಗಿ ಸಿಗುತ್ತದೆ. ಕಥೆಯನ್ನು ಚಿತ್ರ ಬರುವವರೆಗೆ ಜೀವಂತವಾಗಿಟ್ಟ ಹಾಡುಗಾರರ ಹೆಸರಿಗೆ ಆ ಸೂಚಿಯಲ್ಲಿ ಕಲಂ ಇರುವುದಿಲ್ಲ.

6

ಜನಪ್ರಿಯ ಸಂಗೀತದ ಚರಿತ್ರೆಯಲ್ಲಿ ಈ ಮರೆವು ಮೊದಲಿನಿಂದಲೂ ಇದೆ. 'ಆಲಂ ಆರಾ' ಚಿತ್ರದಲ್ಲಿ ಕೇಳಿಬಂದ, ಭಾರತದ ಮೊದಲ ಚಿತ್ರಗೀತೆಯೆಂದು ಪರಿಗಣಿತವಾದ ಹಾಡು ಒಬ್ಬ ಫಕೀರನದು. ಅದನ್ನು ಹಾಡಿ ಅಭಿನಯಿಸಿದವರು ಡಬ್ಲ್ಯು.ಎಂ. ಖಾನ್. ಭಾರತೀಯ ಚಿತ್ರಸಂಗೀತ ಭಿಕ್ಷುಕ ಗಾಯಕನ ಪಾತ್ರದ ಮೂಲಕ ಆರಂಭವಾಯಿತೆಂಬುದು ಆಕಸ್ಮಿಕವಲ್ಲ. ತೆರೆಯ ಮೇಲೆ ಹಾಡು ಸಹಜವೆನಿಸಬೇಕಾದರೆ, ಹಾಡುವುದೇ ಬದುಕಾದವನು ಬರಬೇಕಾಗಿತ್ತು. 2005ರ 'ಜೋಗಿ' ಚಿತ್ರದಲ್ಲಿ ಜೋಗಪ್ಪನನ್ನು ಕುರಿತ ಜನಪದ ಹಾಡು ಹೊಸ ವಾದ್ಯಗಳೊಡನೆ ಬಂದು ರಾಜ್ಯವ್ಯಾಪಿ ಜನಪ್ರಿಯವಾಯಿತು. ಜೋಗಿ, ಫಕೀರ, ಜಂಗಮ ಈ ಪಾತ್ರಗಳು ಚಿತ್ರಸಂಗೀತಕ್ಕೆ ಬೇಕು. ಆ ಹಾಡುಗಳನ್ನು ಕಾಯ್ದ ಸಮುದಾಯಗಳ ವ್ಯಕ್ತಿಗಳ ಹೆಸರು ಅದಕ್ಕೆ ಅಷ್ಟಾಗಿ ಬೇಕಾಗಿಲ್ಲ.

ಧ್ವನಿಮುದ್ರಣದ ಚರಿತ್ರೆ ಇದಕ್ಕೆ ಒಂದು ಹೋಲಿಕೆಯನ್ನು ಒದಗಿಸುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ, ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ನಿಧನರಾದ ಗೌಹರ್ ಜಾನ್, ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ಘೋಷಿಸುತ್ತಿದ್ದರು. ಅದು ಮುದ್ರಣ ತಂತ್ರದ ಅಗತ್ಯವಾಗಿದ್ದರೂ ಪರಿಣಾಮದಲ್ಲಿ ಒಂದು ಹಕ್ಕುಸಾಧನೆಯಾಯಿತು. ಆ ತಟ್ಟೆಗೆ ನೂರು ವರ್ಷ ತುಂಬಿದಾಗ ಹಾಡಿದವರು ಯಾರೆಂಬ ಪ್ರಶ್ನೆ ಏಳಲಿಲ್ಲ. ವಚನಕಾರರಿಗೂ ಹರಿದಾಸರಿಗೂ ಅಂಕಿತವಿದೆ. ಬುರ್ರಕಥೆಯ ಹಾಡುಗಾರ್ತಿಗೆ ಅಂಥ ಅಂಕಿತವಿಲ್ಲ. ಕಥೆ ತನ್ನದಲ್ಲ, ಹಿರಿಯರದು ಎಂಬ ವಿನಯ ಆ ಪರಂಪರೆಯ ಅಡಿಗಲ್ಲು. ಈ ವಿನಯವನ್ನು ಹೊರಗಿನವರು ಅನಾಮಿಕತೆ ಎಂದು ಓದಿದ್ದರಿಂದ 'ಜನಪದ' ಎಂಬ ಒಂದೇ ಪದ ಹೆಸರಿನ ಜಾಗದಲ್ಲಿ ಕೂತಿತು.

ಕಾನೂನು ಕೂಡ ಇದೇ ದಿನಗಣನೆಯನ್ನು ಅನುಸರಿಸುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಲನಚಿತ್ರದ ಹಕ್ಕಿನ ಅವಧಿ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಆದ್ದರಿಂದ 2006ರ ಚಿತ್ರದ ಹಕ್ಕು 2066ರ ಕೊನೆಯವರೆಗೆ ಊರ್ಜಿತ. ಪ್ರದರ್ಶನಕಾರರ ಹಕ್ಕು 1994ರ ತಿದ್ದುಪಡಿಯ ಮೂಲಕ ಬಂದಿತು. ಅದರ ಅವಧಿ ಈಗ 50 ವರ್ಷ. ಹಾಗಾಗಿ ಈರಮ್ಮನವರಂಥ ಹಾಡುಗಾರರು ಧ್ವನಿಮುದ್ರಣಕ್ಕಾಗಿ ಹಾಡಿದ ರಾತ್ರಿಗೆ ಕಾನೂನಿನಲ್ಲಿ ಒಂದು ನೆಲೆಯುಂಟು. ಆದರೆ ಆ ಹಕ್ಕನ್ನು ಎಣಿಸಲು ಹಾಡಿದ ದಿನ ಯಾವುದು, ಹಾಡಿದವರು ಯಾರೆಲ್ಲ ಎಂಬುದು ದಾಖಲಾಗಿರಬೇಕು. 'ಜನಪದ ಹಾಡು, ಬಳ್ಳಾರಿ ಜಿಲ್ಲೆ' ಎಂದಷ್ಟೇ ಬರೆದಿಟ್ಟ ಧ್ವನಿಸುರುಳಿಯಿಂದ ಯಾರ ಹಕ್ಕೂ ಹುಟ್ಟುವುದಿಲ್ಲ. ಕಥೆಯನ್ನು ತಲೆಮಾರುಗಳ ಕಾಲ ಹೊತ್ತು ತಂದ ಸಮುದಾಯಕ್ಕಂತೂ ಈ ಕಾಯಿದೆಯಲ್ಲಿ ಹಕ್ಕಿಲ್ಲ. ಯುನೆಸ್ಕೋದ 2003ರ ಅಮೂರ್ತ ಪರಂಪರೆಯ ಒಡಂಬಡಿಕೆಗೆ ಭಾರತ 2005ರಲ್ಲಿ ಸೇರಿತು. ಅದು ಸಮುದಾಯದ ಪಾತ್ರವನ್ನು ಒಪ್ಪುತ್ತದೆ. ಆದರೆ ಆದಾಯದ ಹಂಚಿಕೆಯನ್ನು ವಿಧಿಸುವುದಿಲ್ಲ.

7

ಹಂಪಿಯ ಸುತ್ತಣ ನೆಲ ವರ್ಷಾಚರಣೆಗೆ ಹೊಸತಲ್ಲ. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷವೆಂದು 1936ರಲ್ಲಿ ಉತ್ಸವ ನಡೆದು, ಧಾರವಾಡದಿಂದ ಒಂದು ಸಂಸ್ಮರಣ ಸಂಪುಟ ಹೊರಬಂದಿತು. ಅದು ಇಂದಿಗೂ ಸಂಶೋಧಕರು ಕೈಗೆತ್ತಿಕೊಳ್ಳುವ ಆಕರಗ್ರಂಥ. 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನ ಪಟ್ಟಾಭಿಷೇಕದ ಐನೂರನೆಯ ವರ್ಷವನ್ನು ರಾಜ್ಯ ಸರ್ಕಾರ 2010ರಲ್ಲಿ ಹಂಪಿಯಲ್ಲಿ ಆಚರಿಸಿತು. ಹಂಪಿ ಉತ್ಸವದ ವೇದಿಕೆಯಲ್ಲಿ ಚಲನಚಿತ್ರ ಗಾಯಕರೂ ಜನಪದ ಕಲಾತಂಡಗಳೂ ಬರುತ್ತಾರೆ. ಈ ಆಚರಣೆಗಳು ಸ್ಥಾಪನೆ ಮತ್ತು ಪಟ್ಟಾಭಿಷೇಕಗಳನ್ನು ಹಿಡಿದವು. ಕಂಪಿಲಿಯದು ಪತನದ ವರ್ಷ. 1336ಕ್ಕೆ ಒಂಬತ್ತು ವರ್ಷ ಮುಂಚಿನ 1327 ಆ ವೈಭವದ ಮುನ್ನುಡಿಯೆಂದಷ್ಟೇ ಪುಸ್ತಕಗಳಲ್ಲಿ ಉಲ್ಲೇಖವಾಗುತ್ತದೆ. ಹಾಡಿನ ಪರಂಪರೆಗೆ ಈ ತಾರತಮ್ಯವಿಲ್ಲ. ಗೆದ್ದ ಸಾಮ್ರಾಜ್ಯದ ನೆರಳಿನಲ್ಲೇ ಬದುಕಿದ ಜನ ಅದರ ಸಾಮ್ರಾಟರಷ್ಟೇ ಅಕ್ಕರೆಯಿಂದ ಸೋತ ರಾಜಕುಮಾರನನ್ನೂ ನೆನೆದರು. ಈ ಆಯ್ಕೆಯಲ್ಲಿರುವ ಮೌಲ್ಯಪ್ರಜ್ಞೆ ಸಂಶೋಧನೆಗೆ ಯೋಗ್ಯವಾದ ವಿಷಯ.

2027ರಲ್ಲಿ ಏಳುನೂರು ವರ್ಷದ ಸ್ಮರಣೆ ನಡೆಯುವುದಾದರೆ ಅದಕ್ಕೆ ಎರಡು ದಾರಿಗಳಿವೆ. ಒಂದು, ಈಗಾಗಲೇ ರೂಢಿಯಲ್ಲಿರುವುದು: ಮೆರವಣಿಗೆ, ಸ್ತಬ್ಧಚಿತ್ರ, ಚಲನಚಿತ್ರದ ಹಾಡಿಗೆ ನೃತ್ಯ, ಹತ್ತು ನಿಮಿಷದ ಬುರ್ರಕಥೆ, ಒಂದು ಶಾಲು. ಹತ್ತು ನಿಮಿಷದಲ್ಲಿ ಬುರ್ರಕಥೆಯ ವೇಷ ಕಾಣುತ್ತದೆ, ಕಾವ್ಯ ಕೇಳಿಸುವುದಿಲ್ಲ. ಇನ್ನೊಂದು, ಹಾಡಿನ ಕಾಲಮಾನವನ್ನೇ ಆಚರಣೆಯ ಕಾಲಮಾನವಾಗಿ ಒಪ್ಪುವುದು: ಕಂಪ್ಲಿಯ ಕೋಟೆಯ ಬಳಿ, ದರೋಜಿಯಲ್ಲಿ, ಕುಮ್ಮಟದುರ್ಗದ ತಪ್ಪಲಿನಲ್ಲಿ ಕಥೆಯನ್ನು ಅದಕ್ಕೆ ಬೇಕಾದಷ್ಟು ರಾತ್ರಿಗಳವರೆಗೆ ಹಾಡಿಸುವುದು, ಹಾಡಿದ ಪ್ರತಿ ರಾತ್ರಿಗೂ ತಕ್ಕ ಸಂಭಾವನೆ ಕೊಡುವುದು, ಜೊತೆಯಲ್ಲಿ ಕೂತು ಕಲಿಯುವ ಎಳೆಯರಿಗೂ ಅದರಲ್ಲಿ ಪಾಲಿಡುವುದು. ಈರಮ್ಮನವರು ತಂದೆಯ ಪಕ್ಕದಲ್ಲಿ ಕೂತು ಕಲಿತವರು. ಪ್ರಶಸ್ತಿಗಳು ಅವರನ್ನು ಗೌರವಿಸಿದವು. ಆದರೆ ಪಕ್ಕದಲ್ಲಿ ಕೂರುವ ಮುಂದಿನವರನ್ನು ಪ್ರಶಸ್ತಿಯೊಂದೇ ಸಿದ್ಧಪಡಿಸಲಾರದು.

ಸಂಶೋಧಕರು ಮತ್ತು ಗ್ರಂಥಾಲಯಗಳು ಆ ವರ್ಷಕ್ಕಾಗಿ ಕಾಯಬೇಕಾಗಿಲ್ಲ. ವಿಶ್ವವಿದ್ಯಾಲಯ, ಅಕಾಡೆಮಿ, ಆಕಾಶವಾಣಿಯಂಥ ಸಂಸ್ಥೆಗಳ ಧ್ವನಿಮುದ್ರಣಗಳಿಗೆ ಹೊಸದಾಗಿ ಸೂಚಿ ತಯಾರಿಸುವಾಗ ಮುಖ್ಯ ಹಾಡುಗಾರರ ಜೊತೆಗೆ ಹಿಮ್ಮೇಳದವರ ಹೆಸರು, ಹಾಡಿದ ಊರು, ದಿನ, ಸಂದರ್ಭ, ಬಳಸಿದ ಭಾಷೆ, ಹಾಡಿದ ಅವಧಿ ಇವನ್ನು ಸೇರಿಸಬಹುದು. 'ಗಂಡುಗಲಿ ಕುಮಾರರಾಮ'ದಂಥ ಚಲನಚಿತ್ರದ ದಾಖಲೆಯಲ್ಲಿ ಸಾಂಗತ್ಯ ಮತ್ತು ಬುರ್ರಕಥೆಯ ಪಾಠಗಳ ಕಡೆಗೆ ಕೈತೋರುವ ಒಂದು ಸಾಲು ಇರಬಹುದು. ಬುರ್ರಕಥೆಯ ದಾಖಲೆಯಲ್ಲಿ ಚಿತ್ರದ ಕಡೆಗೂ ಒಂದು ಸಾಲು ಇರಬಹುದು. ಅಚ್ಚಾದ ಕಾವ್ಯದ ಮುಖಪುಟದಲ್ಲಿ ಸಂಪಾದಕರ ಹೆಸರಿಗಿಂತ ಮೊದಲು ಹಾಡಿದವರ ಹೆಸರಿರುವುದು ಸೌಜನ್ಯದ ಪ್ರಶ್ನೆಯಷ್ಟೇ ಅಲ್ಲ, ಶಾಸ್ತ್ರಶುದ್ಧತೆಯ ಪ್ರಶ್ನೆಯೂ ಹೌದು.

'ಸತಿ ಸುಲೋಚನಾ'ದ ದಿನಾಂಕವನ್ನು ಜೋಪಾನ ಮಾಡಿದ ಸಮಾಜಕ್ಕೆ ಅದರ ಪ್ರತಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ಆ ನಷ್ಟವನ್ನು ಈಗ ತುಂಬಲಾಗದು. ಕುಮಾರರಾಮ ಕಥನದ ಸ್ಥಿತಿ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಅದನ್ನು ಹಾಡಬಲ್ಲವರು ಇರುವಾಗಲೇ ಅವರ ರಾತ್ರಿಗಳನ್ನು ಎಣಿಸತೊಡಗಿದರೆ, ಮುಂದಿನ ವರ್ಷಾಚರಣೆಗಳಿಗೆ ದಿನಾಂಕದ ಜೊತೆಗೆ ಹಾಡೂ ಉಳಿದಿರುತ್ತದೆ.